ಡಕೋಟಾದಲ್ಲಿ ಜಮೀನ್ದಾರನಾದ ಸಾಲು ಅಜ್ಜ

ಅಬು ಹಲೀಫಾ, ಕುವೈತ್
ಗುರುವಾರ, ೧೭ ಅಕ್ಟೋಬರ್ ೧೯೮೫

ಪ್ರೀತಿಯ ತಮ್ಮ ರೋಕ್,

ಮೊದಲು ಫಾದರ್ ರೋಕ್ ಎಂದೇ ಶುರುಮಾಡಿದ್ದೆ, ಆ ಹಾಳೆಯನ್ನು ಹರಿದು ಹಾಕಿದೆ. ಇವತ್ತು ನಾನು ಮಾತಾಡಬೇಕಾಗಿರುವುದು ಪಾದ್ರಿಗಳ ಹತ್ತಿರ ಅಲ್ಲ, ಮೂಗು ಸುರಿಸಿಕೊಂಡು ನನ್ನ ಸೊಂಟದ ಮೇಲೆ ಕೂತಿರುತ್ತಿದ್ದ ತಮ್ಮನ ಹತ್ತಿರ. ಕೊಂಕಣಿಯಲ್ಲಿ ಬರೆದರೆ ಬೈಗುಳವೇ ಮುಂದೆ ಓಡುತ್ತದೆ. ಅದಕ್ಕೇ ಸಿಸ್ಟರುಗಳು ಶಾಲೆಯಲ್ಲಿ ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇದರಲ್ಲಾದರೆ ಬೈಯುವ ಮೊದಲು ಸ್ವಲ್ಪ ಯೋಚಿಸಬೇಕಾಗುತ್ತದೆ. ಹೇಗಿದ್ದೀ? ಹೋದ ವರ್ಷದ ಕೆಮ್ಮು ಪೂರ್ತಿ ವಾಸಿಯಾಯಿತೇ? ಅಲ್ಲಿ ಆಗಲೇ ಹಿಮ ಬೀಳಲು ಶುರುವಾಗಿರಬೇಕು. ನಾನು ಕಳಿಸಿದ ಕಷಾಯದ ಪುಡಿಯನ್ನು ಕಾಫಿಯ ಹಾಗೆ ಸುಮ್ಮನೆ ಬಿಸಿನೀರಿಗೆ ಹಾಕಿ ಕಲಸಬೇಡ ಮಾರಾಯಾ, ಚೆನ್ನಾಗಿ ಕುದಿಸಬೇಕು. ಊಟಕ್ಕೆ ಯಾರ ಯಾರ ಮನೆಗೋ ಕರೆಯುತ್ತಾರೆ ಎಂದು ನೀನು ಬರೆದಿದ್ದೆ. ಒಬ್ಬನೇ ಕೂತು ಉಣ್ಣುವ ದಿನಗಳಲ್ಲಿ ಏನು ತಿನ್ನುತ್ತೀ ಎಂಬುದನ್ನು ಮಾತ್ರ ನೀನು ಯಾವತ್ತೂ ಬರೆಯುವುದಿಲ್ಲ.

ನಾವು ಇಲ್ಲಿ ಇದ್ದೇವೆ, ಅಷ್ಟೇ. ಸೆಕೆ ಈಗಷ್ಟೇ ಇಳಿಯುತ್ತಿದೆ. ಸಮುದ್ರದ ಆಚೆ ಯುದ್ಧ ನಡೆದೇ ಇದೆ, ಬೇಸಿಗೆಯಲ್ಲಿ ಇಲ್ಲಿ ಬಾಂಬು ಸಿಡಿದ ಮೇಲೆ ರಸ್ತೆ ರಸ್ತೆಯಲ್ಲೂ ನಿಲ್ಲಿಸಿ ಇಲ್ಲಿ ಇರಲು ಕೊಟ್ಟ ಇಕಾಮಾ ಚೀಟಿ ಕೇಳುತ್ತಾರೆ. ನಿನ್ನ ಭಾವ ನೊರ್ಬರ್ಟರ ಕಂಪನಿಯಲ್ಲಿ ಅರ್ಧ ಜನರಿಗೆ ಖಲಾಸ್ ಹೇಳಿ ಕಳಿಸಿಬಿಟ್ಟರು. ಸ್ಟೋರಿನ ಕೆಲಸಕ್ಕೆ ಒಬ್ಬನಾದರೂ ಬೇಕಲ್ಲ ಎಂದು ಇವರನ್ನು ಇಟ್ಟುಕೊಂಡಿದ್ದಾರೆ. ಮಗಳು ಹಿಲ್ಡಾ ಕ್ಲಿನಿಕ್ಕಿನ ಕೆಲಸಕ್ಕೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೂ ಕೊಂಕಣಿಯಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ನಾನು ಮೀನು ತೊಳೆಯುತ್ತಾ ಕಿಟಕಿಯಿಂದ ಸಮುದ್ರ ನೋಡುತ್ತೇನೆ. ನಮ್ಮೂರ ಸಮುದ್ರದಲ್ಲಿ ಸೂರ್ಯ ಮುಳುಗುತ್ತಿದ್ದ, ಇಲ್ಲಿ ಹುಟ್ಟುತ್ತಾನೆ. ಇಷ್ಟು ವರ್ಷವಾದರೂ ನನಗೆ ಇದು ಸರಿಹೋಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಅಮೆರಿಕಕ್ಕೆ ಹೋದ ಮೇಲೆ ಬರೆದ ಕಾಗದಗಳನ್ನು ನಾನು ಎಷ್ಟು ಆಸೆಯಿಂದ ಓದಿದ್ದೇನೆ ಎಂದು ನಿನಗೆ ಗೊತ್ತು. ಮೊದಲು ಕಾನ್ಸಸ್‌ನಲ್ಲಿದ್ದಾಗ, ಇಲ್ಲಿಯ ಜನ ಜರ್ಮನರಂತೆ, ಆದರೆ ಬಂದದ್ದು ರಷ್ಯಾದ ವೋಲ್ಗಾ ನದಿಯ ಕಡೆಯಿಂದಂತೆ, ಕೈ ಕುಲುಕಿದ ಕೂಡಲೇ ನಿಮ್ಮ ಅಜ್ಜನ ಊರು ಯಾವುದು ಎಂದು ಕೇಳುತ್ತಾರೆ ಎಂದು ಬರೆದೆ. ನೆಬ್ರಾಸ್ಕಕ್ಕೆ ಹಾಕಿದಾಗ ಅಲ್ಲಿ ಬೊಹೆಮಿಯಾದವರು. ನಾವು ಕಾನ್ಸಸಿನವರ ಹಾಗಲ್ಲ ಫಾದರ್ ಎಂದು ಮೊದಲ ದಿನವೇ ಎಚ್ಚರಿಸಿದರಂತೆ. ನಾನೂ ನಿನ್ನ ಭಾವನೂ ಅದನ್ನು ಓದಿ ಎಷ್ಟು ನಕ್ಕೆವು! ನಮ್ಮ ಕಿನ್ನಿಗೋಳಿಯವರು ಬಂಟ್ವಾಳದವರನ್ನು ಕಂಡರೆ ಆಡುವ ಮಾತೇ. ಕಡೆಗೆ ನಾರ್ತ್ ಡಕೋಟಾ. ಅಲ್ಲಿಯೂ ಜರ್ಮನರು, ಆದರೆ ಕಪ್ಪು ಸಮುದ್ರದ ದಡದಿಂದ ಬಂದವರು, ಬೇರೆ ಜರ್ಮನರ ಜೊತೆ ಸೇರಿಸಿ ಮಾತಾಡಿದರೆ ಮುಖ ಊದಿಸುತ್ತಾರಂತೆ. ಮರವಿಲ್ಲದ ಬಯಲಿನಲ್ಲಿ ಹುಲ್ಲುಹೆಂಟೆ ಕಡಿದು ಮನೆ ಕಟ್ಟಿಕೊಂಡರಂತೆ, ಸತ್ತವರಿಗೆ ಕಬ್ಬಿಣದ ಶಿಲುಬೆ ಮಾಡಿ ನೆಟ್ಟರಂತೆ. ಆ ಸಿಮಿತ್ರಿಯಲ್ಲಿ ನಡೆಯುವಾಗ ನಮ್ಮವರ ನೆನಪಾಯಿತು ಎಂದು ಬರೆದಿದ್ದೆ. ಅದನ್ನು ಓದಿ ನಾನು ಅತ್ತಿದ್ದೆ, ರೋಕ್. ನಮ್ಮ ರೋಕ್ ಮರೆತಿಲ್ಲ ಅಂದುಕೊಂಡಿದ್ದೆ.

ಆಮೇಲೆ ಆಗಸ್ಟಿನಲ್ಲಿ ನಿನ್ನ ಪುಸ್ತಕ ಬಂತು. ಆ ಊರು ಹುಟ್ಟಿ ನೂರು ವರ್ಷವಾಯಿತೆಂದು ಊರವರೆಲ್ಲ ತಮ್ಮ ತಮ್ಮ ಮನೆತನದ ಕಥೆ ಬರೆದು ಅಚ್ಚು ಹಾಕಿಸಿದ ಪುಸ್ತಕ. ಊರ ಇಗರ್ಜಿ ನೋಡಿಕೊಳ್ಳುವ ವಿಗಾರರಾದ ನಿಮ್ಮದೂ ಒಂದು ಪುಟ ಇರಲಿ ಎಂದು ನಿನ್ನಿಂದಲೂ ಬರೆಸಿಕೊಂಡರಂತೆ. ನಾನು ಅದರಲ್ಲಿ ನಿನ್ನ ಚಿತ್ರ ನೋಡಿದೆ, ದಪ್ಪಗಾಗಿದ್ದೀ ಅಂದುಕೊಂಡೆ, ಮುಚ್ಚಿಟ್ಟೆ. ನಿನ್ನ ಭಾವನಿಗೆ ತಡೆಯಲಾಗಲಿಲ್ಲ. ಶುಕ್ರವಾರ ಅಹ್ಮದಿಯ ಇಗರ್ಜಿಗೆ ಬಗಲಲ್ಲಿ ಹಿಡಿದುಕೊಂಡೇ ಬಂದರು. ಪೂಜೆ ಮುಗಿದ ಮೇಲೆ ಹೊರಗೆ ನೆರಳಲ್ಲಿ ನಿಂತು ಎಲ್ಲರಿಗೂ ತೋರಿಸಿದರು. ಮೈದಾನ್ ಹವಲ್ಲಿಯ ಅಲೋಶಿಯಸರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ನಮ್ಮ ಕಡೆ ಸರಿಯಾಗಿ ತಿರುಗಿಯೂ ನೋಡದಿದ್ದವರು, ಓದಿ ಕೊಡುತ್ತೇನೆ ಎಂದು ಮನೆಗೆ ತೆಗೆದುಕೊಂಡು ಹೋದರು. ಎರಡು ವಾರ ಕಳೆಯುವುದರೊಳಗೆ ಅವರೂ ಅವರ ಹೆಂಡತಿಯೂ ಕೇಕು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗ ಆಂಥೋನಿಗೆ ಹಿಲ್ಡಾಳನ್ನು ಕೇಳಲು! ಆ ಎರಡು ಮಕ್ಕಳು ಇಗರ್ಜಿಯ ಹಾಡಿನ ಗುಂಪಿನಲ್ಲಿ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಹುಡುಗ ಒಳ್ಳೆಯವನು. ಹಿಲ್ಡಾ ಅವತ್ತು ಚಹಾ ಕೊಡುವಾಗ ತಟ್ಟೆಯೆಲ್ಲ ಚೆಲ್ಲಿದಳು. ನನ್ನ ಮಗಳನ್ನು ಅಷ್ಟು ಸಂತೋಷದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಮದುವೆ ಜನವರಿಯಲ್ಲಿ ಊರಿನಲ್ಲಿ ಆಗಲಿ, ಫಾದರ್ ಮಾಮನೇ ಪೂಜೆ ಅರ್ಪಿಸಲಿ ಎಂದು ಮಾತಾಯಿತು. ಹೊರಡುವಾಗ ಅಲೋಶಿಯಸರು ಬಾಗಿಲಲ್ಲಿ ನಿಂತು, "ಇಷ್ಟು ದೊಡ್ಡ ಮನೆತನ, ನೀವು ಒಂದು ದಿನವಾದ್ರೂ ಹೇಳಿಕೊಂಡದ್ದುಂಟಾ ಜುಲಿಯಾನ್ ಬಾಯಿ?" ಎಂದರು. ನನಗೆ ಅರ್ಥವೇ ಆಗಲಿಲ್ಲ. ಆ ಸಂಜೆ ಹಿಲ್ಡಾಳನ್ನು ಕೂರಿಸಿಕೊಂಡು ನಿನ್ನ ಪುಟ ಓದಿಸಿದೆ.

ನಮ್ಮ ಪೂರ್ವಜರು ಗೋವೆಯ ಬ್ರಾಹ್ಮಣರಂತೆ. ಕೆನರಾಕ್ಕೆ ಬಂದು ಹೊಲಗದ್ದೆಗಳ ಒಡೆಯರಾದರಂತೆ. ನಮ್ಮ ಅಜ್ಜ ಸಾಲ್ವದೋರರು ಊರ ಇಗರ್ಜಿಗೆ ಜಾಗ ಕೊಟ್ಟ ಪುಣ್ಯಾತ್ಮರಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಸಾಲು ಅಜ್ಜ ಇಗರ್ಜಿಗೆ ಜಾಗ ಕೊಟ್ಟದ್ದಲ್ಲ ರೋಕ್, ಇಗರ್ಜಿಯ ಜಾಗದಲ್ಲಿ ಗುಂಡಿ ತೋಡಿದ್ದು. ಜಾಗ ಕೊಟ್ಟವರು ದೊಡ್ಡ ಮನೆಯವರು. ಅವರ ಮನೆಯಲ್ಲಿ ಯಾರಾದರೂ ಸತ್ತರೆ ಅಜ್ಜ ಗುಂಡಿ ತೋಡಿ, ಮಣ್ಣು ಮುಚ್ಚಿ, ಬಾವಿಯಲ್ಲಿ ಮಿಂದು, ಹಿತ್ತಿಲ ಬಾಗಿಲಲ್ಲಿ ನಿಂತು ಅಕ್ಕಿ ತೆಂಗಿನಕಾಯಿ ತೆಗೆದುಕೊಂಡು ಬರುತ್ತಿದ್ದರು. ಮುಂದಿನ ಬಾಗಿಲಿನಿಂದ ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ. ಗುಂಡಿ ಸಾಲು ಎಂದರೆ ಊರಿಗೆಲ್ಲ ಗೊತ್ತು. ಅಪ್ಪ ಹೆಂಚಿನ ಕಾರ್ಖಾನೆ ಸೇರಿ ಆ ಹಾರೆಯನ್ನು ಬಿಟ್ಟರೂ ಹೆಸರು ನಮ್ಮನ್ನು ಬಿಟ್ಟಿತೇ? ಅಮ್ಮ ಯಾರ ಮನೆಯ ಮದುವೆಗೆ ಹೋದರೂ ಹಿಂದಿನ ದಿನದ ರೋಸಿನ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನಹಾಲು ಹಚ್ಚಲು ಅಮ್ಮನನ್ನು ಮುಂದೆ ಕರೆಯುತ್ತಿರಲಿಲ್ಲ, ಹಿಂದೆ ನಿಂತು ಹಾಡಲು ಮಾತ್ರ ಬೇಕಿತ್ತು. ಇಷ್ಟೆಲ್ಲ ನಿನಗೂ ಗೊತ್ತು.

ಆ ಪುಸ್ತಕದ ಉಳಿದ ಪುಟಗಳನ್ನೂ ಹಿಲ್ಡಾಳಿಂದ ಓದಿಸಿದೆ, ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು. ಒಬ್ಬ ಬರೆದಿದ್ದಾನೆ, ನಮ್ಮ ಅಜ್ಜ ಊರವರ ಹಂದಿ ಕಾಯುತ್ತಿದ್ದ ಎಂದು. ಇನ್ನೊಬ್ಬಳು, ನಮ್ಮಜ್ಜ ಸೈನ್ಯಕ್ಕೆ ಹೆದರಿ ಹೆಂಗಸಿನ ಉಡುಪು ಹಾಕಿಕೊಂಡು ಓಡಿಬಂದವನು ಎಂದು. ಕುದುರೆ ಕದ್ದವನೂ ಇದ್ದಾನೆ. ಹೇನು, ಹಸಿವು, ಸಾಲ, ಯಾವುದನ್ನೂ ಬಿಟ್ಟಿಲ್ಲ, ಕೆಳಗೆ ಹೆಸರು ಹಾಕಿ, ಮೊಮ್ಮಕ್ಕಳ ಜೊತೆ ನಗುತ್ತಾ ಚಿತ್ರ ತೆಗೆಸಿಕೊಂಡಿದ್ದಾರೆ. ಅಂಥವರ ನಡುವೆ ನೀನೊಬ್ಬ ಬ್ರಾಹ್ಮಣ! ಗುಂಡಿ ತೋಡುವವನ ಮೊಮ್ಮಗ ಎಂದು ಬರೆದಿದ್ದರೆ ಆ ಜನ ನಿನ್ನನ್ನು ಇನ್ನಷ್ಟು ಹತ್ತಿರ ಕರೆಯುತ್ತಿದ್ದರಲ್ಲವೇ? ಅಷ್ಟು ದೂರ ಹೋಗಿಯೂ ಯಾರಿಗೆ ಹೆದರಿದೆ? ಇಲ್ಲಿ ಅರಬರಿಗೆ ನಾವೆಲ್ಲರೂ ಬರೀ 'ಹಿಂದಿ', ಅಂದರೆ ಇಂಡಿಯಾದವರು, ಅಷ್ಟೇ. ಅಲೋಶಿಯಸರೂ ಹಿಂದಿ, ನಿನ್ನ ಭಾವನೂ ಹಿಂದಿ, ರಸ್ತೆ ಗುಡಿಸುವವನೂ ಹಿಂದಿ. ವಾರವಿಡೀ ಹಾಗೆ ಸಮನಾಗಿದ್ದು ಶುಕ್ರವಾರ ಪೂಜೆ ಮುಗಿಸಿ ಹೊರಗೆ ನಿಂತ ಕೂಡಲೇ ಯಾವ ಇಗರ್ಜಿ, ಅದರ ಯಾವ ಕೇರಿಯ ವಾಳೆ, ಯಾರ ಮನೆ ಎಂದು ಕೇಳಿಕೊಂಡು ಮತ್ತೆ ಮೇಲೆ ಕೆಳಗೆ ಆಗಿಬಿಡುತ್ತೇವೆ.

ಈಗ ನನ್ನ ಸಂಕಟ ಏನೆಂದು ಹೇಳುತ್ತೇನೆ. ನಿನ್ನ ಭಾವನ ಕಡೆಯವರು ಬೊಂಬಾಯಿಯಲ್ಲೇ ಹುಟ್ಟಿ ಬೆಳೆದವರು, ವಿಚಾರಿಸಲು ಊರೇ ಇಲ್ಲ. ಅಲೋಶಿಯಸರು ಹಿಡಿದದ್ದು ನಮ್ಮ ಕಡೆಯ ದಾರವನ್ನು, ನಿನ್ನ ಆ ಒಂದು ಪುಟವನ್ನು. ಡಿಸೆಂಬರಿನಲ್ಲಿ ರಜೆಗೆ ಹೋದಾಗ ನಮ್ಮೂರಿಗೂ ಹೋಗಿ, ಅಜ್ಜ ಕೊಟ್ಟ ಜಾಗ ನೋಡಿ, ವಾಳೆಯ ಮುಖ್ಯಸ್ಥರಾದ ಗುರ್ಕಾರರನ್ನು ಕಂಡು ಮಾತಾಡಿ ಬರುತ್ತಾರಂತೆ. ಗುರ್ಕಾರರು ಆ ದೊಡ್ಡ ಮನೆಯವರೇ ಎಂದು ನಿನಗೆ ಹೇಳಬೇಕಾಗಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? "ಸುಮ್ಮನಿರು ಮಾರಾಯ್ತಿ, ಪಾದ್ರಿಗಳು ಬರೆದದ್ದನ್ನು ಯಾರು ಪರೀಕ್ಷೆ ಮಾಡ್ತಾರೆ?" ಎನ್ನುತ್ತಾರೆ ನಿನ್ನ ಭಾವ. ಅವರು ನಮ್ಮ ದೊಡ್ಡಕ್ಕ ಸೆಲಿನಳನ್ನು ನೋಡಿದವರಲ್ಲ.

ನಾವು ನೋಡಿದ್ದೇವೆ. ರೋಸಿನ ಸಂಜೆ, ಚಪ್ಪರದಲ್ಲಿ ಹಾಡು ಶುರುವಾಗಿತ್ತು, ಅಕ್ಕನನ್ನು ಮಣೆಯ ಮೇಲೆ ಕೂರಿಸಿದ್ದರು. ಗಂಡಿನ ಸೋದರಮಾವ ಬಂದು ಅಪ್ಪನನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ಯಾರೋ ಅವರ ಕಿವಿಗೆ ಅಜ್ಜನ ಹೆಸರು ಹಾಕಿದ್ದರು. ಅಪ್ಪ ವಾಪಸು ಬಂದು ಹಾಡು ನಿಲ್ಲಿಸಿ ಎಂದಷ್ಟೇ ಹೇಳಿದರು. ಆ ತೆಂಗಿನಹಾಲು ಬಟ್ಟಲಿನಲ್ಲೇ ಹುಳಿಯಾಯಿತು, ಮರುದಿನ ಅಕ್ಕನೇ ಅದನ್ನು ಚೆಲ್ಲಿ ಬಟ್ಟಲು ತೊಳೆದಿಟ್ಟಳು. ಆಮೇಲೆ ಬೊಂಬಾಯಿಗೆ ಹೋಗಿ ಯಾರದೋ ಮನೆಯಲ್ಲಿ ಆಯಾ ಆದಳು, ಕ್ಷಯ ಬಂತು, ನಮಗೆ ಸುದ್ದಿ ಬರುವಾಗ ಮಣ್ಣು ಮಾಡಿಯೂ ಆಗಿತ್ತು. ಊರಿಗೆಲ್ಲ ಗುಂಡಿ ತೋಡಿದವನ ಮೊಮ್ಮಗಳಿಗೆ ಯಾರು ತೋಡಿದರೋ, ಎಲ್ಲಿ ತೋಡಿದರೋ! ನೀನು ಸುಳ್ಳು ಬರೆದದ್ದು ಯಾಕೆಂದು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯಾ? ಆ ಸಂಜೆಯ ಮೇಲೆ ಮಣ್ಣು ಎಳೆಯಲು ನೋಡಿದ್ದೀ. ಆದರೆ ಅದರ ಮೇಲೆ ಈಗ ನನ್ನ ಮಗಳನ್ನು ಕೂರಿಸಿಬಿಟ್ಟೆಯಲ್ಲ ರೋಕ್.

ಆದ್ದರಿಂದ ಒಂದೇ ಒಂದು ಕೆಲಸ ಮಾಡು. ಅಲೋಶಿಯಸರಿಗೆ ನೀನೇ ಒಂದು ಕಾಗದ ಬರೆ. ಇದ್ದದ್ದನ್ನು ಇದ್ದ ಹಾಗೆ. ನಮ್ಮ ಅಜ್ಜ ಗುಂಡಿ ತೋಡುತ್ತಿದ್ದರು, ಕಷ್ಟಪಟ್ಟು ಬದುಕಿದರು, ಯಾರ ಸೊತ್ತಿಗೂ ಕೈ ಹಾಕಿದವರಲ್ಲ ಎಂದು. ನಾನು ಹೇಳಿದರೆ ಹೆಂಗಸಿನ ಬಾಯಿಮಾತು, ನೀನು ಹೇಳಿದರೆ ಪಾದ್ರಿಯ ಮಾತು. ಡಿಸೆಂಬರಿನಲ್ಲಿ ಊರವರಿಂದ ಕೇಳಿ ಮದುವೆಯ ಹಿಂದಿನ ದಿನ ಮುರಿಯುವುದಕ್ಕಿಂತ ಈಗಲೇ ನಮ್ಮಿಂದ ಕೇಳಲಿ. ಹುಡುಗ ಒಳ್ಳೆಯವನು ಎಂದೆನಲ್ಲ, ಒಪ್ಪಿದರೂ ಒಪ್ಪಬಹುದು. ನನಗೆ ಆ ಆಸೆ ಇದೆ. ಮೊನ್ನೆ ಹಿಲ್ಡಾಳಿಗೂ ಎಲ್ಲವನ್ನೂ ಹೇಳಿದೆ, ಸೆಲಿನ್ ಅಕ್ಕನ ಕಥೆಯನ್ನೂ. ಅವಳು ಎದ್ದುಹೋಗಿ ಬಟ್ಟೆ ಇಸ್ತ್ರಿ ಮಾಡುತ್ತಾ ನಿಂತಳು. ಇವತ್ತು ಸಂಜೆ ಗೆಳತಿಯನ್ನು ನೋಡಿ ಬರುತ್ತೇನೆ ಎಂದು ಮೈದಾನ್ ಹವಲ್ಲಿಗೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ.

ನಿನ್ನ ಭಾವ ನಿನ್ನನ್ನು ವಿಚಾರಿಸಿದ್ದಾರೆ. ಅವರಿಗೆ ನಿನ್ನ ಮೇಲೆ ಕೋಪವಿಲ್ಲ, ಕೋಪ ಎಲ್ಲ ನನ್ನ ಪಾಲಿಗೇ ಬಂದಿದೆ. ಮೈ ಬೆಚ್ಚಗೆ ಇಟ್ಟುಕೋ. ಅಕ್ಕನಾಗಿ ನಿನಗೆ ಆಶೀರ್ವಾದ ಕೊಡುತ್ತಿದ್ದೇನೆ, ಅದರಲ್ಲಿ ಕಡಿಮೆ ಮಾಡಿಲ್ಲ. ಪಾದ್ರಿಯಾದ ನಿನ್ನಿಂದ ಆಶೀರ್ವಾದ ಬೇಡುವುದು ಮಾತ್ರ, ಆ ಕಾಗದ ಬರೆದ ಮೇಲೆ ಆಗಲಿ.

ನಿನ್ನನ್ನು ಎತ್ತಿ ಬೆಳೆಸಿದ
ಜುಲಿಯಾನ್ ಅಕ್ಕ

ತಾ.ಕ.: ಶನಿವಾರ ಬೆಳಿಗ್ಗೆ. ಅಂಟಿಸಿದ ಕವರನ್ನು ಬಿಡಿಸಿ ಬರೆಯುತ್ತಿದ್ದೇನೆ, ನಿನ್ನ ಭಾವ ಪೋಸ್ಟಿಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾರೆ. ಅಲೋಶಿಯಸರಿಗೆ ನೀನು ಬರೆಯುವುದು ಬೇಡ. ಹಿಲ್ಡಾ ಗುರುವಾರ ಹೋದದ್ದು ಗೆಳತಿಯ ಮನೆಗಲ್ಲ, ಅವರ ಮನೆಗೆ. ತಂದೆ ತಾಯಿ ಮಗ ಮೂವರನ್ನೂ ಕೂರಿಸಿ ತಾನೇ ಹೇಳಿ ಬಂದಿದ್ದಾಳೆ. "ಐ ಟೋಲ್ಡ್ ದೆಮ್, ಮಮ್ಮಿ" ಎಂದಷ್ಟೇ ನನಗೆ ಹೇಳಿ ಮಲಗಿದಳು. ನಿನ್ನೆ ಪೂಜೆ ಮುಗಿದ ಮೇಲೆ ಅಲೋಶಿಯಸರು ನನ್ನನ್ನು ಗೋಡೆಯ ಬದಿಗೆ ಕರೆದರು. "ಗುಂಡಿ ತೋಡುವವರ ಮನೆ ಅಂತ ಅಲ್ಲ ಬಾಯಿ, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ? ಒಬ್ಬ ಪಾದ್ರಿ ಸುಳ್ಳು ಬರೆದ್ರಲ್ಲ, ಅಂಥ ಮನೆಯಿಂದ ಹೆಣ್ಣು ತರುವುದು ಹೇಗೆ?" ಎಂದರು. ಆಂಥೋನಿ ಕಾರಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ, ನಮ್ಮ ಕಡೆ ಬರಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಅದೋ ಇದೋ ದೇವರೇ ಬಲ್ಲ. ಸಾಲು ಅಜ್ಜನ ಹೆಸರಿಗೆ ಬೇಡ ಎಂದಿದ್ದರೆ ಅಲ್ಲೇ ನಾಲ್ಕು ಜನರ ಮುಂದೆ ಬಾಯಿತುಂಬ ಬೈಯುತ್ತಿದ್ದೆ. ನಿನ್ನ ಸುಳ್ಳಿಗೆ ಬೇಡ ಎಂದರು, ಸರಿ ಎಂದು ಹೇಳಿ ಮನೆಗೆ ಬಂದೆ. ಜನವರಿಯಲ್ಲಿ ನೀನು ರಜೆ ಹಾಕಬೇಕಾಗಿಲ್ಲ. ಈಗ ಹಿಲ್ಡಾಳನ್ನು ಕೇಳಿದೆ, ಮಾಮನಿಗೆ ನಿನ್ನ ಕಡೆಯಿಂದ ಏನಾದರೂ ಬರೆಯಲಾ ಎಂದು. ಇಲ್ಲ ಎಂದು ತಲೆಯಾಡಿಸಿ ಕೆಲಸಕ್ಕೆ ಹೊರಟುಹೋದಳು.