ಅಮ್ಮ ಕೂರುವ ಕಡೆಯ ಬಾಗಿಲು

ಅಪ್ಪಾ,

ನೀವೀಗ ಇಲ್ಲ, ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಾರಿನಲ್ಲಿ ಅಮ್ಮ ಕೂರುವ ಕಡೆಯ ಬಾಗಿಲು ಇವತ್ತು ಒಳಗಿನಿಂದಲೂ ತೆರೆಯಿತು.

ಹನ್ನೊಂದು ವರ್ಷ ನೀವು ಮೊದಲು ಇಳಿದು, ಸಿಕ್ಕವರೊಡನೆ ಹರಟಿ, ಆಮೇಲೆ ಸುತ್ತಿ ಬಂದು ಹೊರಗಿನಿಂದ ಗುದ್ದಿ ತೆಗೆಯುತ್ತಿದ್ದಿರಿ. "ಬಾಗಿಲು ಸರಿಯಾಗೇ ಇದೆ. ಕುಣಿಯೋಕೆ ಬಾರದವಳಿಗೆ ನೆಲ ಡೊಂಕು" ಅನ್ನುತ್ತಿದ್ದಿರಿ. ಹಿಂದಿನ ಸೀಟಿನಲ್ಲಿ ಕೂತು ನಗುತ್ತಿದ್ದವಳು ನಾನು.

ಬೆಳಿಗ್ಗೆ ಮೆಕ್ಯಾನಿಕ್ ಬಾಗಿಲಿನ ಲಾಕಿಗೆ ಟಾರ್ಚ್ ಹಿಡಿದು ಕೇಳಿದ: "ಯಾರಮ್ಮಾ ಇದಕ್ಕೆ ಗ್ರೀಸ್ ಮೆತ್ತಿದ್ದು? ಹಳೇದು ತೊಳೀದೆ ಮೇಲಿಂದ ಮೇಲೆ ಬಳಿದಿದಾರೆ. ಧೂಳು ಸೇರಿ ಕಲ್ಲಾಗಿದೆ."

ಭಾನುವಾರ ಬಂದರೆ ಬೆರಳ ತುದಿಗೆ ಗ್ರೀಸ್ ಹಚ್ಚಿಕೊಂಡು ಆ ಬಾಗಿಲ ಮುಂದೆ ನೀವು ಕುಕ್ಕರಗಾಲಲ್ಲಿ ಕೂರುತ್ತಿದ್ದಿರಿ. "ಒಂದ್ಸಲ ತೊಳೆದು ಹಾಕಿ ನೋಡ್ರೀ" ಅಂದಳು ಅಮ್ಮ. "ನಿನ್ನ ಒಲೆ ನೀನು ನೋಡ್ಕೋ" ಅಂದಿರಿ.

ಸೀಮೆಎಣ್ಣೆಯಲ್ಲಿ ಹಳೆಯ ಬ್ರಷ್ ಅದ್ದಿ ನಾನೇ ಉಜ್ಜಿದೆ. ಕರೀ ಜಿಡ್ಡು ಹಕ್ಕಳೆಯಾಗಿ ಕಿತ್ತು ಬಂತು. ಚೆನ್ನಾಗಿ ಒರೆಸಿ, ತೆಳು ಎಣ್ಣೆ ಎರಡು ಹನಿ ಬಿಟ್ಟೆ. ಅರ್ಧ ಗಂಟೆಯ ಕೆಲಸ, ಅಪ್ಪಾ. ಈಗ ಕಿರುಬೆರಳಲ್ಲಿ ಎಳೆದರೆ ಸಾಕು.

ಸಂಜೆ ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹೋದೆ. "ಬಾಗಿಲು ಸರಿಯಾಯ್ತಮ್ಮಾ" ಅಂತ ಎರಡು ಸಲ ಹೇಳಿಯೂ ಇದ್ದೆ. ಮನೆ ಮುಂದೆ ನಿಲ್ಲಿಸಿ ಇಳಿದಾಗ ಪಕ್ಕದ ಮನೆಯವರು ಏನೋ ಕೇಳಿದರು. ಮಾತಾಡುತ್ತ ನಿಂತೆ.

ತಿರುಗಿ ನೋಡಿದರೆ, ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನ ಒಳಗಿಂದ ನನ್ನನ್ನೇ ನೋಡುತ್ತ ಕೂತಿದ್ದಳು.