ತಟ್ಟಿದರೆ ಬಿಡಬೇಕು

ಮರವಂತೆ
೧೪ ಸೆಪ್ಟೆಂಬರ್ ೨೦೨೫

ನನ್ನ ಅನ್ವಿತಾ,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಹೆಬ್ಬೆರಳೊಂದನ್ನು ಎತ್ತಿ ತೋರಿಸಿ ಮುಗಿಸಿಬಿಡುತ್ತೀ. ಅದಕ್ಕೇ ಈ ಕಾಗದ. ಹಾಸ್ಟೆಲಿನ ಊಟಕ್ಕೆ ಮೀನಿಲ್ಲವಂತೆ, ನಿನ್ನ ಅಮ್ಮ ಹೇಳಿದರು. ಪಾಪ ಅನ್ನಿಸಿತು. ಸ್ವಲ್ಪ ಖುಷಿಯೂ ಆಯಿತು.

ನಾನು ಬ್ರಹ್ಮಾವರದ ಹಾಲ್‌ಗೆ ಹೋಗುತ್ತಿದ್ದೇನೆ. ‘ಬ್ರೆಜಿಲಿಯನ್ ಜಿಯು-ಜಿತ್ಸು’ ಎಂಬ ಬೋರ್ಡ್ ಇನ್ನೂ ಇದೆ, ಅದರ ಕೆಳಗೆ ಕರಾಟೆ ಮಕ್ಕಳೇ ತುಂಬಿದ್ದಾರೆ. ನಮ್ಮ ಈ ನೆಲದ ಕುಸ್ತಿಗೆ ಹುಡುಗಿ ಅಂತ ಉಳಿದವಳು ನಾನೊಬ್ಬಳೇ. ಸುಧೀರ್ ಸರ್ ಹಿಡಿತ ಹೇಳಿಕೊಡುತ್ತಾರೆ, ಹಿಡಿಯಲು ಜನವಿಲ್ಲ. ಮನೆಗೆ ಬಂದು, ಅಪ್ಪನ ಹರಿದ ಬಲೆ ತುಂಬಿದ ಚೀಲವನ್ನು ಕೆಡವಿಕೊಂಡು ಹೊರಳಾಡುತ್ತೇನೆ. ಅಮ್ಮ ಮೀನು ಬುಟ್ಟಿ ತೊಳೆಯುತ್ತ, "ಎಂತ ಹೆಣೆ, ಅದ್ ನಿನ್ನ ತಿರ್ಗಿ ಹಿಡಿತ್ತಾ?" ಎಂದು ಕೇಳಿದಳು. ನನಗೆ ನಗು ಬರಲಿಲ್ಲ.

ನೀನು ನಮ್ಮ ಆಟ ಬಿಟ್ಟು ಜೂಡೋಗೆ ಹೋಗುವಾಗ ಹೇಳಿದ್ದು ನೆನಪಿದೆ: "ಒಲಿಂಪಿಕ್ಸಲ್ ಇಲ್ದಿದ್ ಆಟದಗೆ ಪದಕ ತಂದ್ರೂ ಯಾರ್ ಕೇಂತ್ರ್ ಮಾರಾಯ್ತಿ?" ಹಾಸ್ಟೆಲ್, ಕ್ರೀಡಾ ಕೋಟಾ, ಪೊಲೀಸ್ ಕೆಲಸ... ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಎಲ್ಲರ ಮುಂದೆ ಹಟ ಹಿಡಿದು ವಾದಿಸಿದೆ, ನಮ್ಮ ಆಟ ಒಲಿಂಪಿಕ್ಸ್‌ಗೆ ಹೋಗುವುದೇ ಬೇಡ ಎಂದು. ಜೂಡೋದಲ್ಲಿ ನೆಲಕ್ಕೆ ಬಿದ್ದವರು ಸ್ವಲ್ಪ ಸುಮ್ಮನಾದರೆ ರೆಫರಿ ಎಬ್ಬಿಸಿ ನಿಲ್ಲಿಸುತ್ತಾರೆ. ನಮ್ಮದು ಶುರುವಾಗುವುದೇ ಬಿದ್ದ ಮೇಲೆ. ಟೀವಿಯವರ ಅವಸರಕ್ಕೆ ಅದನ್ನೂ ಕೆಡಿಸುತ್ತಾರೆ ಎಂದೆ. ಈಗಲೂ ಹಾಗೇ ಅನ್ನಿಸುತ್ತದೆ. ಆದರೂ ಬೆಳಿಗ್ಗೆ ಪೇಪರ್ ಬಂದರೆ ಮೊದಲು ಕ್ರೀಡಾಪುಟ ಬಿಡಿಸುತ್ತೇನೆ. ಮುಂದಿನ ಒಲಿಂಪಿಕ್ಸ್‌ನಲ್ಲೂ ನಾವಿಲ್ಲ. ಕೆಟ್ಟರೆ ಕೆಡಲಿ, ಅದರ ಮುಂದಿನದಕ್ಕಾದರೂ ಸೇರಿಸಲಿ. ನೀನು ವಾಪಸ್ ಬರಲು ಒಂದು ಕಾರಣವಾದರೂ ಆಗುತ್ತದೆ. ಇದು ಸ್ವಾರ್ಥ, ಗೊತ್ತು.

ಅವತ್ತು ಬಸ್‌ಸ್ಟಾಪಿನಲ್ಲಿ ನಾನು ಸಿಟ್ಟಿನಿಂದ ಒಮ್ಮೆಗೇ ನಿನ್ನನ್ನು ಬಿಟ್ಟುಬಿಟ್ಟೆ ಎಂದು ನಿನ್ನ ಅಮ್ಮನ ಹತ್ತಿರ ಹೇಳಿದೆಯಂತೆ. ಸಿಟ್ಟಲ್ಲ ಮಾರಾಯ್ತಿ. ತಬ್ಬಿಕೊಂಡಾಗ ನೀನು ನನ್ನ ಬೆನ್ನು ತಟ್ಟಿದೆ. ಮ್ಯಾಟ್ ಮೇಲೆ ಎದುರಿನವರು ಸೋತೆ ಎಂದು ತಟ್ಟಿದ ಕೂಡಲೇ ಹಿಡಿತ ಬಿಡಬೇಕು, ಇಲ್ಲದಿದ್ದರೆ ಕೈ ಮುರಿಯುತ್ತದೆ. ನಾವಿಬ್ಬರೂ ಮೊದಲ ದಿನ ಕಲಿತದ್ದೇ ಅದು. ನನ್ನ ಕೈಗಳು ನನ್ನನ್ನು ಕೇಳಲೇ ಇಲ್ಲ. ನೀನು ಮುಖ ತಿರುಗಿಸಿ ಬಸ್ ಹತ್ತಿದೆ. ಇಲ್ಲಿ ರಸ್ತೆ ಸಮುದ್ರದ ಬದಿಗೇ ನೇರವಾಗಿ ಹೋಗುತ್ತದಲ್ಲ, ಬಸ್ ತುಂಬಾ ಹೊತ್ತು ಕಾಣುತ್ತಿತ್ತು.

ಅಭ್ಯಾಸ ತಪ್ಪಿಸಬೇಡ. ಕುತ್ತಿಗೆ ಜಾಗ್ರತೆ.

ನಿನ್ನ
ರಮ್ಯಶ್ರೀ

ತಾ.ಕ.: ಹಾಲ್‌ಗೆ ಹೋಗುತ್ತಿದ್ದೇನೆ ಎಂದದ್ದು ಸುಳ್ಳು. ಬ್ರಹ್ಮಾವರದ ಬಸ್ ಹತ್ತದೆ ತಿಂಗಳ ಮೇಲಾಯಿತು. ಒಬ್ಬಳಿಗೆ ಆ ಮ್ಯಾಟ್ ತುಂಬಾ ದೊಡ್ಡದು. ದೀಪಾವಳಿಗೆ ಬಾ. ಈ ಸಲ ನೀನು ಎಷ್ಟು ತಟ್ಟಿದರೂ ಬಿಡುವುದಿಲ್ಲ.