ಸುರಂಗದೊಳಗಿನ ಗೋಡೆ

ಫೆಬ್ರವರಿ ೮, ಶನಿವಾರ. ಬೆಳಿಗ್ಗೆ ೭.೪೦
ಅಡೂರಿಗೆ ಏಳೂವರೆಯ ಬಸ್ಸು ಇಲ್ಲ. ಕ್ಲಚ್ ಹೋಗಿದೆ. ತಿಳಿಸಿದವನು ಸ್ಟ್ಯಾಂಡಿನೆದುರಿನ ಹೋಟೆಲಿನ ಲತೇಶ್. ಮುಂದಿನದು ೮.೫೦ಕ್ಕೆ.

ದೂಮಪ್ಪನ ಕೊನೆಯ ದಿನಗಳ ಜಾಡಿನಲ್ಲಿ ಇದು ಮೂರನೆಯ ಪ್ರಯಾಣ. ರಜೆ ನನ್ನದು, ಪತ್ರಿಕೆ ಕಳಿಸಿದ್ದಲ್ಲ. ಈವರೆಗೆ ಗೊತ್ತಾದದ್ದು: ೧೯೪೯ರಲ್ಲಿ ಗೇಣಿದಾರರನ್ನು ಕಟ್ಟಿಕೊಂಡು ಜಮೀನುದಾರನ ಭತ್ತದ ಕಣಜ ಒಡೆದ. ಪೊಲೀಸರು ಬೆನ್ನು ಹತ್ತಿದರು. ಮಾರ್ಚ್ ೧೧ಕ್ಕೆ ಮೊಗ್ರಾಲ್ ಅಳಿವೆಯಲ್ಲಿ ದೋಣಿ ಇಳಿದ. ೧೩ಕ್ಕೆ ಪೆರ್ಲದ ಒಂದು ಮನೆಯಲ್ಲಿ ಗಂಜಿ ಉಂಡ. ೧೬ಕ್ಕೆ ಅಡೂರಿನಾಚೆಯ ಗುಡ್ಡದಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಒಂದು ಸುರಂಗ ಹೊಕ್ಕ. ಹೊರಗೆ ಬಂದದ್ದನ್ನು ಕಂಡವರಿಲ್ಲ. ಹೆಣ ಸಿಗಲಿಲ್ಲ.

ಲತೇಶ್ ಚಹಾ ಇಡುತ್ತ ಕೇಳಿದ: "ಒಬ್ರೇ ಗುಡ್ಡೆಗೆ ಎಂತಕ್ಕೆ ಹೋಗುದು ಮೇಡಂ? ಅಲ್ಲಿ ಎಂತ ಉಂಟು?"
"ಒಬ್ಬ ಸತ್ತ ಜಾಗ."
"ಅದಕ್ಕೆ ಅಷ್ಟು ದೂರ ಯಾಕೆ? ನಮ್ಮ ಹೈವೇ ಸಾಕಲ್ವಾ, ದಿನಕ್ಕೊಬ್ಬ."

ಅದೇ ದಿನ, ಸಂಜೆ ೪
ಸುರಂಗ ಸಿಕ್ಕಿತು. ತುಂಗಕ್ಕ ಎಂಬವಳ ಮನೆಯ ಹಿಂದೆ. ವಯಸ್ಸು ೫೮, ಗಂಡ ಇಲ್ಲ. ಮೂರು ಹಸು, ಹಾಲು ಸೊಸೈಟಿಗೆ. ಬಾವಿ ಇಲ್ಲ. ಬೋರ್ ಎರಡು ಸಲ ಕೊರೆಸಿದ್ದಾಳೆ, ಧೂಳು ಬಂದಿದೆ. ಕುಡಿಯಲು, ಹಸುಗಳಿಗೆ, ಎಲ್ಲಕ್ಕೂ ಸುರಂಗದ ನೀರೇ. ಕೊಡ ತುಂಬಲು ಎರಡು ನಿಮಿಷ — ಗಡಿಯಾರ ನೋಡಿದೆ.

ಒಳಗೆ ಕರೆದುಕೊಂಡು ಹೋದವನು ಚನಿಯಣ್ಣ. ಈ ಕಡೆ ಸುರಂಗ ಕೊರೆಯುವವರಲ್ಲಿ ಉಳಿದವನು ಇವನೊಬ್ಬ, ವಯಸ್ಸು ೭೪. ಅಗಲ ಎರಡಡಿ. ಮುಂದೆ ಮೇಣದಬತ್ತಿ, ಅದು ಆರಿದರೆ ವಾಪಸ್. ೪೬ ಹೆಜ್ಜೆ ಆದ ಮೇಲೆ ಬಲಕ್ಕೊಂದು ಕವಲು. ಅದಕ್ಕೆ ಅಡ್ಡ ಕಲ್ಲು-ಮಣ್ಣಿನ ಗೋಡೆ. ಕಟ್ಟಿದ್ದು ಚನಿಯಣ್ಣನ ಅಪ್ಪ. ಯಾವಾಗ?
"ದೂಮಪ್ಪನ ಗಲಾಟೆ ಆದ ವರ್ಷವೇ."
"ಯಾಕೆ?"
"ಈ ಕವಲು ತಗ್ಗಿಗೆ ಹೋಯ್ತು ಅಕ್ಕ. ಗುಡ್ಡೆಯ ಒಳಗೆ ಪೊಳ್ಳು ಉಂಟು, ನೀರೆಲ್ಲ ಅದಕ್ಕೆ ಇಳೀತಿತ್ತು. ಹುತ್ತದ ಮಣ್ಣು ಇಪ್ಪತ್ತು ದಿನ ತುಳಿದು ಕಟ್ಟಿದ್ದಂತೆ. ಹಾಗೆ ಈ ಮನೆಗೆ ನೀರು."
ತುಂಗಕ್ಕ ಆಗ ಹಸುಗಳ ಹಟ್ಟಿಯಲ್ಲಿದ್ದಳು, ಇದು ಅವಳ ಕಿವಿಗೆ ಬೀಳಲಿಲ್ಲ.

ಫೆಬ್ರವರಿ ೧೩
ಬರೆದೆ. ಸಂಪಾದಕ ಕೇಶವಪ್ರಸಾದರು ಭಾನುವಾರದ ಪುಟಕ್ಕೆ ಕೇಳಿದರು. ೪೦೦ ಪದ. ನನ್ನದು ೪೩೨ ಆಯಿತು. ಗೋಡೆಗೆ ಚನಿಯಣ್ಣ ಕೊಟ್ಟ ಕಾರಣವನ್ನು ತೆಗೆದೆ. ಸರಿಯಾಗಿ ೪೦೦. ತೆಗೆದ ಮೇಲೆ ಓದಿದರೆ ಬರಹಕ್ಕೆ ಬಿಗಿ ಬಂದಿದೆ.

ಫೆಬ್ರವರಿ ೧೬, ಭಾನುವಾರ
ಅಚ್ಚಾಗಿದೆ. ಶೀರ್ಷಿಕೆ ಡೆಸ್ಕ್ ಕೊಟ್ಟದ್ದು: "ಗೋಡೆಯ ಆಚೆ ದೂಮಪ್ಪ?" ಪ್ರಶ್ನಾರ್ಥಕ ಚಿಹ್ನೆ ಇದೆ. ಹನ್ನೆರಡು ಫೋನ್. ಒಂದು ಲೋಕಯ್ಯನವರದು — ನಿವೃತ್ತ ವಿಲ್ಲೇಜ್ ಆಫೀಸರ್, ದೂಮಪ್ಪ ಸ್ಮಾರಕ ಸಮಿತಿಯ ಕಾರ್ಯದರ್ಶಿ.
"ಎಪ್ಪತ್ತಾರು ವರ್ಷ ಆಯ್ತು ಮಾರಾಯ್ರೆ, ನಮ್ಗೆ ಒಂದು ಎಲುಬು ಸಿಗ್ಲಿಲ್ಲ. ನೀವು ಒಂದು ಬಸ್ ಟಿಕೆಟಲ್ಲಿ ಹುಡುಕಿದ್ರಿ!"
ಸಂತೋಷವಾಯಿತು. ಅದನ್ನೂ ಬರೆದಿಡುತ್ತೇನೆ.

ಫೆಬ್ರವರಿ ೨೨, ಶನಿವಾರ
ಗೋಡೆ ಒಡೆದರು. ೧೧.೧೫ರಿಂದ ೧೨.೪೦. ಸಮಿತಿಯ ಆರು ಜನ, ಎರಡು ಹಾರೆ, ಒಂದು ಕೆಂಪು ಬಟ್ಟೆ — ಎಲುಬು ಸುತ್ತಲು. ಚನಿಯಣ್ಣನನ್ನು ಕರೆದಿರಲಿಲ್ಲ.

ಮೊದಲು ಅಂಗಳದಲ್ಲಿ ತುಂಗಕ್ಕನ ಒಪ್ಪಿಗೆ ಕೇಳಿದರು. ಅವಳು ಎಲ್ಲರಿಗೂ ಮಜ್ಜಿಗೆ ಕೊಟ್ಟಿದ್ದಳು.
"ನೀರಿಗೆ ಎಂತ ಆಗುದಿಲ್ಲ ಅಲ್ವಾ?"
ಲೋಕಯ್ಯ: "ನೀರಿಗೆ ಎಂತ ಆಗ್ತದೆ ತುಂಗಕ್ಕ? ಗೋಡೆ ಎಂತ ನೀರು ಕೊಡ್ತದಾ? ದೊಡ್ಡ ಮನುಷ್ಯ ನಿಮ್ಮ ಹಿತ್ತಿಲಲ್ಲಿ ಮಲಗಿದ್ದಾರೆ, ನಿಮ್ಮ ಪುಣ್ಯ."
ಅವಳು ನನ್ನನ್ನು ನೋಡಿದಳು. "ಮೇಡಂ ಬಂದಿದ್ದಾರಲ್ಲ. ಓದಿದವರು. ಅವರು ಬೇಡ ಹೇಳಿದ್ರೆ ಬೇಡ."
ನಾನು ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದೆ.

ಗೋಡೆಯ ಆಚೆ ಹನ್ನೊಂದು ಅಡಿ, ಆಮೇಲೆ ಒಂದು ಕಂಡಿ. ಎಲುಬಿಲ್ಲ, ಬಟ್ಟೆಯಿಲ್ಲ, ಏನೂ ಇಲ್ಲ. ನಾವು ನೋಡುತ್ತಿದ್ದಂತೆ ಕಾಲಡಿಯ ನೀರು ತಿರುಗಿ ಕಂಡಿಯತ್ತ ಹರಿಯಿತು. ಸದ್ದು ಕೇಳಿಸಿತು.
ಲೋಕಯ್ಯ: "ಏನೂ ಇಲ್ಲ ಅಂದ್ರೆ ಮಣ್ಣಲ್ಲಿ ಮಣ್ಣಾಗಿದ್ದಾರೆ ಅಂತ ಅರ್ಥ. ಇನ್ನೆಂತ ಸಾಕ್ಷಿ ಬೇಕು?"
ಕೆಂಪು ಬಟ್ಟೆಯಲ್ಲಿ ಒಂದು ಹಿಡಿ ಕೆಸರು ಕಟ್ಟಿಕೊಂಡರು.

ಫೆಬ್ರವರಿ ೨೫
ತುಂಗಕ್ಕನ ಫೋನ್. ಕೊಡಕ್ಕೆ ೪೦ ನಿಮಿಷ.

ಫೆಬ್ರವರಿ ೨೭
ಫೋನ್. ಹನಿ ಮಾತ್ರ.

ಮಾರ್ಚ್ ೪
ಸಮಿತಿ ಒಡೆದ ಗೋಡೆಯ ಜಾಗಕ್ಕೆ ಸಿಮೆಂಟ್ ಹಾಕಿಸಿತ್ತು. ಮೂರು ದಿನ ನಿಂತಿತು, ನಿನ್ನೆ ಬದಿಯಿಂದ ಕಿತ್ತುಹೋಯಿತು. ಚನಿಯಣ್ಣನ ಮನೆಗೆ ಹೋದೆ. ಎದ್ದು ಕೂತ, ಕೆಮ್ಮಿದ.
"ಸಿಮೆಂಟ್ ಜೇಡಿಮಣ್ಣಿಗೆ ಹಿಡಿಯುದಿಲ್ಲ ಅಕ್ಕ. ಹುತ್ತದ ಮಣ್ಣೇ ಆಗ್ಬೇಕು. ತುಳೀಲಿಕ್ಕೆ ಕಾಲು ಬೇಕು, ಒಳಗೆ ಹೋಗ್ಲಿಕ್ಕೆ ಎದೆ ಬೇಕು. ನನ್ನತ್ರ ಎರಡೂ ಇಲ್ಲ."
"ಬೇರೆ ಯಾರಾದರೂ?"
ನಕ್ಕ. "ಪೇಪರಲ್ಲಿ ಹಾಕಿ ನೋಡಿ."

ಮಾರ್ಚ್ ೯, ಭಾನುವಾರ
ತುಂಗಕ್ಕನ ಹಟ್ಟಿ ಖಾಲಿ. ಮೂರೂ ಹಸು ಮಾರಿದ್ದಾಳೆ. ಸೊಸೈಟಿಯ ಹಾಲಿನ ಕ್ಯಾನು ಅಂಗಳದಲ್ಲಿ ಮಗುಚಿ ಇತ್ತು. ಕೆಳಗೆ ಹರಿಯುವ ತೋಡಿನಿಂದ ನೀರು ಹೊತ್ತು ತರುತ್ತಾಳೆ, ದಿನಕ್ಕೆ ಆರು ಸಲ, ಏರು ದಾರಿ. ನನಗೂ ಒಂದು ಲೋಟ ಕೊಟ್ಟಳು. ಬೇಡ ಎಂದೆ.
"ಕುಡೀರಿ. ಹೊತ್ತದ್ದು ಆಯ್ತಲ್ಲ."
ಕುಡಿದೆ.
"ಚನಿಯ ಹೇಳಿದ. ಆ ಗೋಡೆ ಎಂತಕ್ಕೆ ಅಂತ ನಿಮ್ಗೆ ಮೊದಲೇ ಗೊತ್ತಿತ್ತಂತೆ."
"ಹೌದು."
"ಪೇಪರಲ್ಲಿ ಜಾಗ ಇರ್ಲಿಲ್ವಾ?"
"ಇರಲಿಲ್ಲ."
"ಸರಿ. ಅಂಗಳದಲ್ಲಿ ನನ್ನತ್ರ ಹೇಳ್ಬಹುದಿತ್ತಲ್ವಾ? ನಾನು ಪೇಪರ್ ಅಲ್ಲ, ನನ್ನಲ್ಲಿ ಜಾಗ ಇತ್ತು."
ಬೈಯಲಿಲ್ಲ. ಕೊಡ ಎತ್ತಿಕೊಂಡು ಇಳಿದಳು. ಹಿಂದೆಯೇ ಹೋಗಿ ಒಂದು ಕೊಡ ಹೊರಲು ನೋಡಿದೆ. ಅರ್ಧ ದಾರಿಯಲ್ಲಿ ಚೆಲ್ಲಿತು. ಅವಳು ನೋಡಿ, "ಬಿಡಿ ಮೇಡಂ, ನಿಮ್ಗೆ ಬಸ್ ಉಂಟು," ಎಂದಳು.
ಬಸ್ಸಿತ್ತು. ೩.೧೦ಕ್ಕೆ.

ಮಾರ್ಚ್ ೧೧
ಆರು ಸಾಲಿನ ತಿದ್ದುಪಡಿ ಬರೆದುಕೊಟ್ಟೆ: ಗೋಡೆ ನೀರಿಗಾಗಿ ಕಟ್ಟಿದ್ದು, ಆಚೆ ಏನೂ ಸಿಕ್ಕಿಲ್ಲ, ಒಂದು ಮನೆಯ ನೀರು ಹೋಗಿದೆ. ಕೇಶವಪ್ರಸಾದರು ಓದಿದರು.
"ಸರಿಯಾಗಿಯೇ ಉಂಟು. ಸಮಿತಿಯ ಫಲಕದ ಫಂಕ್ಷನ್ ಕಳೀಲಿ. ಈಗ ಹಾಕಿದ್ರೆ ನಿಮ್ಮನ್ನೇ ನಗಾಡ್ತಾರೆ."
ಹಾಳೆಯನ್ನು ಡ್ರಾಯರಿನಲ್ಲಿಟ್ಟರು. ಹಾಕಿ ಎಂದು ನಾನು ಇನ್ನೊಮ್ಮೆ ಕೇಳಲಿಲ್ಲ.

ಮಾರ್ಚ್ ೧೪, ಶುಕ್ರವಾರ. ರಾತ್ರಿ ೮
ಲೋಕಯ್ಯ ಆಮಂತ್ರಣ ಪತ್ರಿಕೆ ತಂದುಕೊಟ್ಟರು. ಫಲಕದ ಒಕ್ಕಣೆ: "ಕಾಮ್ರೇಡ್ ದೂಮಪ್ಪ ಇಲ್ಲಿ ಹುತಾತ್ಮರಾದರು." ಆಧಾರ ಏನು ಎಂದು ಕೇಳಿದೆ.
"ನೀವೇ ಅಲ್ವಾ ಮಾರಾಯ್ರೆ!"
ಸ್ಥಳ ಒದಗಿಸಿದ್ದಕ್ಕೆ ತುಂಗಕ್ಕನಿಗೆ ಶಾಲು, ಹಾರ. ಅವಳು ಬರುವುದಿಲ್ಲ ಎಂದಿದ್ದಾಳೆ. ಮನೆಗೇ ಹೋಗಿ ಹೊದೆಸುವುದೆಂದು ಸಮಿತಿಯ ತೀರ್ಮಾನ. ಫೋಟೊ ಬೇಕಂತೆ.

ಅನಾವರಣ ಭಾನುವಾರ ಬೆಳಿಗ್ಗೆ ೧೦.೩೦ಕ್ಕೆ. ವರದಿ ಬರೆಯುವ ಕೆಲಸ ನನಗೆ.